ಕಾರ್ಬುರೇಟರ್ ಬಾಯಿಗೆ ಜಾಲರಿ ಮತ್ತು ಬಿರಡೆ: ಹಳೆಯ ಗಾಡಿಗಳಿಗೆ ಮಾಡಿಕೊಳ್ಳುವ ಬಗೆ

ಹಳೆಯ ಬುಲೆಟ್ ಆಗಲಿ, ಜಾವಾ, ಯೆಜ್ಡಿ ಆಗಲಿ, ಬಿಎಸ್‌ಎ, ಟ್ರಯಂಫ್ ಆಗಲಿ, ಪೂರ್ತಿ ಬಿಚ್ಚಿ ಜೋಡಿಸುವ ಹೊತ್ತಿಗೆ ಕೆಲವು ಸಾಮಾನು ಕಾಣೆಯಾಗಿರುತ್ತವೆ. ಮೊದಲನೆಯದು ಏರ್ ಫಿಲ್ಟರ್ ಡಬ್ಬಿ, ಎರಡನೆಯದು ಅದನ್ನು ಕಾರ್ಬುರೇಟರಿಗೆ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗಕ್ಕೆ) ಸೇರಿಸುವ ರಬ್ಬರ್ ಕೊಳವೆ. ಡಬ್ಬಿ ತುಕ್ಕು ತಿಂದಿರುತ್ತದೆ, ರಬ್ಬರ್ ಸೀಳಿರುತ್ತದೆ, ಹೊಸದು ಹುಡುಕಿದರೂ ಅಳತೆ ಕೂಡುವುದಿಲ್ಲ. ಕೊನೆಗೆ ಕಾರ್ಬುರೇಟರಿನ ಬಾಯಿ ಹಾಗೇ ತೆರೆದುಕೊಂಡು ರಸ್ತೆಗಿಳಿಯುತ್ತದೆ. ನೋಡಲು ಚೆಂದ ಎಂದು ಬೇಕಂತಲೇ ಹಾಗೆ ಬಿಡುವವರೂ ಇದ್ದಾರೆ. ಬಿಎಸ್‌ಎ ಗೋಲ್ಡ್ ಸ್ಟಾರ್‌ನಂತಹ ರೇಸಿನ ಗಾಡಿಗಳಲ್ಲಿ ಬರಿಯ ಬೆಲ್‌ಮೌತ್ (ತುತ್ತೂರಿಯಂತೆ ಅಗಲವಾದ ಗಾಳಿಬಾಯಿ) ಇರುತ್ತಿತ್ತು ನಿಜ. ಆದರೆ ರೇಸಿನ ಇಂಜಿನ್ನನ್ನು ಪದೇ ಪದೇ ಬಿಚ್ಚಿ ರಿಂಗು, ಬೇರಿಂಗು ನೋಡುತ್ತಿದ್ದರು. ನಮ್ಮ ಗಾಡಿ ಹತ್ತು ವರ್ಷ ಬಿಚ್ಚದೆ ಓಡಬೇಕು.

ಬಾಯಿ ತೆರೆದ ಗಾಡಿ ಕೂಡಲೇ ಕೆಡುವುದಿಲ್ಲ, ಚೆನ್ನಾಗಿಯೇ ಓಡುತ್ತದೆ. ಹಾಗಾಗಿಯೇ ಯಾರೂ ಅದರ ಗೋಜಿಗೆ ಹೋಗುವುದಿಲ್ಲ. ಕಂಪ್ರೆಷನ್ ಇಳಿದು ಹೊಗೆ ಬರತೊಡಗಿದ ಮೇಲೆ ಕಾರಣ ಹುಡುಕಿದರೆ ತಡವಾಗಿರುತ್ತದೆ. ಟೂ ಸ್ಟ್ರೋಕ್ ಗಾಡಿಗಳಲ್ಲಿ ಅಪಾಯ ಇನ್ನೂ ಹೆಚ್ಚು. ಮೈಸೂರಿನಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಕಾರ್ಬುರೇಟರಿನಿಂದ ಬಂದ ಗಾಳಿ ಮೊದಲು ಇಂಜಿನ್ನಿನ ಕೆಳಭಾಗದ ಕ್ರ್ಯಾಂಕ್‌ಕೇಸಿಗೆ ಇಳಿದು, ಆಮೇಲೆ ಸಿಲಿಂಡರಿಗೆ ಏರುತ್ತದೆ. ಒಳಬಂದ ಧೂಳು ಬೋರನ್ನು (ಸಿಲಿಂಡರಿನ ಒಳಗೋಡೆಯನ್ನು) ಮುಟ್ಟುವ ಮೊದಲೇ ಬಿಗ್ ಎಂಡ್ ಬೇರಿಂಗ್ ಮತ್ತು ಮೇನ್ ಬೇರಿಂಗುಗಳ ಮೇಲೆ ಕೂರುತ್ತದೆ. ಬುಲೆಟ್‌ನಂತಹ ಫೋರ್ ಸ್ಟ್ರೋಕಿನಲ್ಲಿ ಬೋರ್, ರಿಂಗು ಸವೆದು ಧೂಳು ಇಂಜಿನ್ ಆಯಿಲಿಗೆ ಸೇರಿ, ಅಲ್ಲಿಂದ ಬೇರಿಂಗಿಗೆ ಹೋಗುತ್ತದೆ. ದಾರಿ ಬೇರೆ, ಕೊನೆಗೆ ಆಗುವುದು ಒಂದೇ.

ಬಾಯಿಗೆ ಹಾಕುವ ಮುಚ್ಚಳಗಳಲ್ಲಿ ಮೂರು ಬಗೆ ಇವೆ. ಇವುಗಳನ್ನು ಒಂದಕ್ಕೊಂದು ಬೆರೆಸಬಾರದು. ಓಡುವಾಗ ಬೆಲ್‌ಮೌತಿನ ಮೇಲಿರುವ ಜಾಲರಿ ಒಂದು. ಗಾಡಿ ನಿಂತಾಗ, ತೊಳೆಯುವಾಗ ಹಾಕುವ ಬಿರಡೆ ಇನ್ನೊಂದು. ಫಿಲ್ಟರಿಗೆ ಸೇರಿಸುವ ರಬ್ಬರ್ ಕೊರಳು ಮೂರನೆಯದು. ಜಾಲರಿಯನ್ನು ಫಿಲ್ಟರ್ ಎಂದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು.

ಮೊದಲು ಬಾಯಿಯನ್ನು ಸರಿಯಾಗಿ ನೋಡಿ

ಕಾರ್ಬುರೇಟರ್ ಯಾವುದು ಎಂದು ಗುರುತಿಸಿಕೊಳ್ಳಿ. ಬರ್ಮಿಂಗ್‌ಹ್ಯಾಮಿನ ಅಮಲ್ ಕಂಪನಿಯ ಮೋನೊಬ್ಲಾಕ್ ಆದರೆ ಮೈಮೇಲೆ 375, 376 ಅಥವಾ 389 ಎಂಬ ಅಂಕಿ ಇರುತ್ತದೆ. 375ರ ಬೋರ್ 7/8 ಇಂಚಿನವರೆಗೆ, 376ರದು 15/16ರಿಂದ 1 1/16 ಇಂಚು, 389ರದು ಅದಕ್ಕಿಂತ ದೊಡ್ಡದು. 1967ರಲ್ಲಿ ಬಂದ ಅಮಲ್ ಕಾನ್ಸೆಂಟ್ರಿಕ್‌ನಲ್ಲಿ 600ರ ಸಾಲು 22ರಿಂದ 27 ಮಿ.ಮೀ., 900ರ ಸಾಲು 28ರಿಂದ 32 ಮಿ.ಮೀ. ನಮ್ಮಲ್ಲಿನ ಬುಲೆಟ್ 350ರಲ್ಲಿ ಮಿಕ್‌ಕಾರ್ಬ್ ವಿಎಂ 24, ಬುಲೆಟ್ 500ರಲ್ಲಿ ವಿಎಂ 28. ಈ ಅಂಕಿಗಳು ಒಳಗಿನ ಗಂಟಲಿನ ಅಳತೆ. ಮುಚ್ಚಳ ಕೂರುವುದು ಹೊರಗಿನ ತುಟಿಯ ಮೇಲೆ, ಅದರ ಅಳತೆ ಬೇರೆ. ಪಟ್ಟಿ ನೋಡಿ ಸಾಮಾನು ತರಿಸಬೇಡಿ, ವರ್ನಿಯರ್ ಹಿಡಿದು ನೀವೇ ಅಳೆಯಿರಿ.

ತುಟಿಯ ಹೊರ ವ್ಯಾಸವನ್ನು ಸುತ್ತ ಮೂರು ಕಡೆ ಅಳೆಯಿರಿ. ವರ್ಷಗಟ್ಟಲೆ ಕ್ಲಿಪ್ ಬಿಗಿದಿದ್ದ ಬಾಯಿ ಸಾಮಾನ್ಯವಾಗಿ ದುಂಡಗಿರುವುದಿಲ್ಲ. ಅಮಲ್‌ನ ಮೈ ಸತುವಿನ ಮಿಶ್ರಲೋಹದ್ದು, ಮೆತ್ತಗಿನದು, ಒತ್ತಡಕ್ಕೆ ಬೇಗ ಬಾಗುತ್ತದೆ. ಅಳತೆಗಳ ನಡುವೆ ಅರ್ಧ ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮುಚ್ಚಳ ಬಿಡಿ, ಮೊದಲು ಸ್ಲೈಡ್ (ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇರಿ ಗಾಳಿಯ ದಾರಿ ತೆರೆಯುವ ಭಾಗ) ಸರಾಗವಾಗಿ ಇಳಿಯುತ್ತಿದೆಯೇ ನೋಡಿ. ಸ್ಪ್ರಿಂಗ್ ಇಲ್ಲದೆ ಕೈಯಿಂದ ಬಿಟ್ಟರೆ ಸ್ಲೈಡ್ ತನ್ನ ತೂಕಕ್ಕೇ ತಳ ಮುಟ್ಟಬೇಕು.

ಬಾಯಿಯ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಗಂಟಲಿನ ಕೆಳಗೆ ಸಣ್ಣ ತೂತುಗಳು ಕಾಣುತ್ತವೆ. ಕಾನ್ಸೆಂಟ್ರಿಕ್‌ನಲ್ಲೂ ವಿಎಂನಲ್ಲೂ ಒಂದು ತೂತು ಪೈಲಟ್‌ಗೆ (ಆಕ್ಸಿಲರೇಟರ್ ಮುಚ್ಚಿದ್ದಾಗ ಮಿಶ್ರಣ ಕೊಡುವ ಸಣ್ಣ ದಾರಿಗೆ), ಇನ್ನೊಂದು ಮೇನ್ ಜೆಟ್ಟಿನ (ಪೆಟ್ರೋಲ್ ಬಿಡುವ ಮುಖ್ಯ ತೂತಿನ) ಪೆಟ್ರೋಲಿಗೆ ಗಾಳಿ ಬೆರೆಸುವ ದಾರಿಗೆ. ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ನೀವು ಹಾಕುವ ಯಾವುದೇ ರಿಂಗು, ರಬ್ಬರು, ಗ್ಯಾಸ್ಕೆಟ್ ಈ ತೂತುಗಳ ಎದುರು ಬರಕೂಡದು. ಪೈಲಟ್ ಗಾಳಿಯ ತೂತು ಅರ್ಧ ಮುಚ್ಚಿದರೂ ಐಡ್ಲಿಂಗ್ ರಿಚ್ ಆಗುತ್ತದೆ, ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ, ಪ್ಲಗ್ ಕರಿ ಹಿಡಿಯುತ್ತದೆ. ಪೈಲಟ್ ಗಾಳಿ ಹದ ಮಾಡುವ ಏರ್ ಸ್ಕ್ರೂ ಎಷ್ಟು ಬಿಚ್ಚಿದರೂ ಸರಿಹೋಗದೆ, ಕಾರ್ಬುರೇಟರೇ ಸವೆದಿದೆ ಎಂದು ಹೊಸದು ಕೊಂಡವರಿದ್ದಾರೆ. ತಪ್ಪು ಇದ್ದದ್ದು 2 ಮಿ.ಮೀ. ಒಳಗೆ ಚಾಚಿಕೊಂಡಿದ್ದ ರಬ್ಬರಿನಲ್ಲಿ.

ಜಾಲರಿಯ ಲೆಕ್ಕ

ಜಾಲರಿ ಎಂದರೆ ಬರಿ ತೂತಲ್ಲ, ತಂತಿಯೂ ಜಾಗ ತಿನ್ನುತ್ತದೆ. ಇಂಚಿಗೆ 16 ತಂತಿಯ, 0.28 ಮಿ.ಮೀ. ದಪ್ಪದ ಜಾಲರಿಯಲ್ಲಿ ಒಂದೊಂದು ಕಣ್ಣು ಸುಮಾರು 1.3 ಮಿ.ಮೀ., ತೆರೆದ ಜಾಗ ನೂರಕ್ಕೆ 68. ಇಂಚಿಗೆ 30 ತಂತಿಯ, 0.25 ಮಿ.ಮೀ. ದಪ್ಪದ್ದರಲ್ಲಿ ಕಣ್ಣು 0.6 ಮಿ.ಮೀ., ತೆರೆದ ಜಾಗ ನೂರಕ್ಕೆ 50 ಮಾತ್ರ.

ಈಗ ವಿಎಂ 28 ತೆಗೆದುಕೊಳ್ಳಿ. ಗಂಟಲಿನ ವಿಸ್ತೀರ್ಣ 616 ಚದರ ಮಿ.ಮೀ. ಗಂಟಲಿನಷ್ಟೇ ಅಗಲಕ್ಕೆ 30ರ ಜಾಲರಿ ಅಡ್ಡ ಹಾಕಿದರೆ ಗಾಳಿಗೆ ಉಳಿಯುವುದು 308, ಅಂದರೆ ಅರ್ಧ ಬಾಯಿ ಮುಚ್ಚಿದ ಹಾಗೆ. ಅದೇ ಜಾಲರಿಯನ್ನು ಒಳ ವ್ಯಾಸ 50 ಮಿ.ಮೀ. ಇರುವ ಬೆಲ್‌ಮೌತಿನ ಅಗಲವಾದ ತುಟಿಗೆ ಹಾಕಿದರೆ ಸುಮಾರು 980 ಸಿಗುತ್ತದೆ. 16ರ ಜಾಲರಿಯಾದರೆ 1,330. ಗಂಟಲಿನ ಎರಡು ಪಟ್ಟು ತೆರೆದ ಜಾಗ ಸಿಗುವಂತೆ ನೋಡಿಕೊಳ್ಳಿ. ಎಣ್ಣೆ, ಧೂಳು ಹಿಡಿದಾಗಲೂ ಉಸಿರು ಕಟ್ಟಬಾರದಲ್ಲ. ಜಾಲರಿಯನ್ನು ಚಪ್ಪಟೆಯಾಗಿ ಬಿಡದೆ 12 ಮಿ.ಮೀ. ಹೊರಕ್ಕೆ ಉಬ್ಬಿಸಿದರೆ ಅದೇ ಅಗಲಕ್ಕೆ ಇನ್ನೂ ಕಾಲು ಭಾಗದಷ್ಟು ಜಾಗ ಹೆಚ್ಚುತ್ತದೆ.

ಉಬ್ಬಿಸುವುದಕ್ಕೆ ಇನ್ನೊಂದು ಕಾರಣವಿದೆ. ಇಂಜಿನ್ ನಿಧಾನಕ್ಕೆ ತಿರುಗುವಾಗ ಒಳಗೆ ಹೋದ ಪೆಟ್ರೋಲ್ ಮಂಜು ಸ್ವಲ್ಪ ಹಿಂದಕ್ಕೆ ಬಂದು ಬಾಯಿಯ ಮುಂದೆ ನಿಲ್ಲುತ್ತದೆ. ಪಿಸ್ಟನ್‌ನಿಂದಲೇ ಪೋರ್ಟ್ ತೆರೆದು ಮುಚ್ಚುವ ಟೂ ಸ್ಟ್ರೋಕಿನಲ್ಲಿ ಇದು ಬಹಳ. ಜಾಲರಿ ಬಾಯಿಗೆ ಅಂಟಿದಂತಿದ್ದರೆ ಆ ಮಂಜು ಅದರ ಮೇಲೆ ಹನಿಗಟ್ಟುತ್ತದೆ, ಎಣ್ಣೆ ಬೆರೆತ ಪೆಟ್ರೋಲ್ ತೊಟ್ಟಿಕ್ಕಿ ಗೇರ್‌ಬಾಕ್ಸ್ ಮೇಲೆ ಜಿಡ್ಡು ಕೂರುತ್ತದೆ. ಬಾಯಿಯ ಎದುರು ಯಾವ ಗಟ್ಟಿ ತಗಡೂ ಗಂಟಲಿನ ವ್ಯಾಸದಷ್ಟು ದೂರದೊಳಗೆ ಇರಬಾರದು. ಚೆಂದಕ್ಕೆಂದು ಎದುರಿಗೆ ಹಿತ್ತಾಳೆ ಬಿಲ್ಲೆ ಕೂರಿಸುವವರು ಇದನ್ನು ಮರೆಯುತ್ತಾರೆ.

ಹಾಗಾದರೆ ಜಾಲರಿ ತಡೆಯುವುದು ಏನನ್ನು? ಕಲ್ಲುಹರಳು, ಹುಳು, ಒಣ ಎಲೆ, ಸಡಿಲವಾದ ನಟ್ಟು, ಒರೆಸುವ ಬಟ್ಟೆಯ ತುಂಡು. ಧೂಳನ್ನು ಅಲ್ಲ. 1.3 ಮಿ.ಮೀ. ಕಣ್ಣು ಎಂದರೆ 1,300 ಮೈಕ್ರಾನ್, ರಿಂಗನ್ನು ತಿನ್ನುವ ಧೂಳು ಹತ್ತಿಪ್ಪತ್ತು ಮೈಕ್ರಾನಿನದು. ಭಾನುವಾರ ಬೆಳಿಗ್ಗೆ ಡಾಂಬರು ರಸ್ತೆಯಲ್ಲಿ ಒಂದು ಸುತ್ತು ಹೊಡೆಯುವ ಗಾಡಿಗೆ ಜಾಲರಿ ಸಾಕಾಗಬಹುದು. ಕೆಮ್ಮಣ್ಣಿನ ದಾರಿ, ಲಾರಿ ಓಡಾಡುವ ಹೆದ್ದಾರಿ ಎಂದರೆ ಫಿಲ್ಟರ್ ಬೇಕೇ ಬೇಕು. ಕಿಕ್ ಹೊಡೆಯುವಾಗ ಕಾರ್ಬುರೇಟರಿನಿಂದ ಹಿಂದಕ್ಕೆ ಬೆಂಕಿ ಉಗುಳುವ ಗಾಡಿಯಲ್ಲಿ 30ರ ಜಾಲರಿ ಆ ಜ್ವಾಲೆಯನ್ನು ಒಂದಿಷ್ಟು ತಡೆಯುತ್ತದೆ. ಹಿಂದಿನ ಗಣಿ ದೀಪಗಳಲ್ಲಿ ಜ್ವಾಲೆಯ ಸುತ್ತ ತಂತಿ ಜಾಲರಿ ಇರುತ್ತಿದ್ದದ್ದು ಇದೇ ಕಾರಣಕ್ಕೆ. 16ರದ್ದು ತಡೆಯುವುದಿಲ್ಲ. ಏನೇ ಆದರೂ ಬೆಂಕಿ ಉಗುಳುವ ಗಾಡಿಗೆ ಮೊದಲು ಟೈಮಿಂಗ್ ಸರಿಮಾಡಿ, ಜಾಲರಿಯನ್ನು ನಂಬಿ ಕೂರಬೇಡಿ.

ಜಾಲರಿ ಮುಚ್ಚಳ ಮಾಡುವುದು

ಹಿತ್ತಾಳೆ ಜಾಲರಿಯೇ ಒಳ್ಳೆಯದು, ಏಕೆಂದರೆ ಬೆಸುಗೆ ಹಿಡಿಯುತ್ತದೆ. ಸ್ಟೀಲ್ ಜಾಲರಿಗೆ ಸಾಮಾನ್ಯ ಸೀಸದ ಬೆಸುಗೆ ಕೂರುವುದಿಲ್ಲ, ಆಸಿಡ್ ಫ್ಲಕ್ಸ್ ಬೇಕು, ಆಮೇಲೆ ಅದನ್ನು ಪೂರ್ತಿ ತೊಳೆಯದಿದ್ದರೆ ತುಕ್ಕು. ಚಹಾ ಸೋಸುವ ಜಾಲರಿಯನ್ನು ಕತ್ತರಿಸಿ ಹಾಕುವ ರೂಢಿ ಇದೆ. ಅದರ ಅಂಚನ್ನು ತಗಡಿನಲ್ಲಿ ಬರಿದೇ ಮಡಚಿರುತ್ತಾರೆ. ಇಂಜಿನ್ ನಡುಕಕ್ಕೆ ಅಂಚಿನ ತಂತಿಗಳು ಒಂದೊಂದಾಗಿ ಮುರಿದು ಒಳಗೆ ಹೋಗುತ್ತವೆ. ಒಂದು ಸೆಂಟಿಮೀಟರ್ ತಂತಿ ಸ್ಲೈಡ್ ಪಕ್ಕ ಸಿಕ್ಕಿಕೊಂಡರೆ ಆಕ್ಸಿಲರೇಟರ್ ತೆರೆದೇ ನಿಲ್ಲುತ್ತದೆ. ಇದು ಪ್ರಾಣದ ವಿಷಯ. ಆದ್ದರಿಂದ ಅಂಚಿನ ಪ್ರತಿ ತಂತಿಯೂ ಬೆಸುಗೆಯಲ್ಲಿ ಮುಳುಗಿರಬೇಕು.

ತುಟಿಯ ಹೊರ ವ್ಯಾಸ 52, ಒಳ ವ್ಯಾಸ 50 ಮಿ.ಮೀ. ಎಂದಿಟ್ಟುಕೊಂಡು ಅಳತೆ ಹೇಳುತ್ತೇವೆ, ನಿಮ್ಮದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. 0.8 ಮಿ.ಮೀ. ದಪ್ಪ, 18 ಮಿ.ಮೀ. ಅಗಲದ ಹಿತ್ತಾಳೆ ಪಟ್ಟಿಯನ್ನು ಸುಮಾರು 167 ಮಿ.ಮೀ. ಉದ್ದಕ್ಕೆ ಕತ್ತರಿಸಿ. 52 ಮಿ.ಮೀ. ಪೈಪಿನ ಮೇಲೆ ಮರದ ಸುತ್ತಿಗೆಯಿಂದ ಬಗ್ಗಿಸಿ ಬಳೆ ಮಾಡಿ. ಎರಡು ತುದಿ ಒಂದರ ಮೇಲೊಂದು ಏರದೆ ಎದುರೆದುರು ಕೂಡಲಿ, ಹೊರಗಡೆಯಿಂದ 15 ಮಿ.ಮೀ. ತುಂಡೊಂದನ್ನು ಇಟ್ಟು ಬೆಸೆಯಿರಿ. ಬಳೆಯ ಹಿಂಬದಿಯಲ್ಲಿ, ಅಂದರೆ ಕಾರ್ಬುರೇಟರ್ ಕಡೆಗೆ, 8 ಮಿ.ಮೀ. ಆಳಕ್ಕೆ ಆರು ಕಡೆ ಗರಗಸದಲ್ಲಿ ಸೀಳು ಹಾಕಿ. ಸೀಳುಗಳ ನಡುವಿನ ಬೆರಳುಗಳನ್ನು ಆಮೇಲೆ ತುಟಿಯ ಹಿಂದಕ್ಕೆ ಒಳಗೆ ಬಾಗಿಸಿ, ಮೇಲೆ ಹೋಸ್ ಕ್ಲಿಪ್ ಹಾಕುತ್ತೇವೆ. ಕ್ಲಿಪ್ ಸಡಿಲವಾದರೂ ಮುಚ್ಚಳ ಕಳಚಿ ಬೀಳದು. ಸೀಳಿನ ಗರಗಸದ ಚೂರುಗಳನ್ನೆಲ್ಲ ಅರದಿಂದ ಉಜ್ಜಿ ತೆಗೆಯಿರಿ.

ಜಾಲರಿಯಿಂದ 76 ಮಿ.ಮೀ. ವ್ಯಾಸದ ದುಂಡು ಕತ್ತರಿಸಿ. ಗ್ಯಾಸ್ ಒಲೆಯ ಮೇಲೆ ಮಸುಕು ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕಿದರೆ ಹಿತ್ತಾಳೆ ಮೆತ್ತಗಾಗುತ್ತದೆ. ಕಾಯಿಸದೆ ಬಗ್ಗಿಸಿದರೆ ಸುಕ್ಕು ಬರುತ್ತದೆ, ಸುಕ್ಕಿನ ಮಡಿಕೆಯಲ್ಲೇ ಆಮೇಲೆ ತಂತಿ ಮುರಿಯುವುದು. ಸಾರಿನ ಸೌಟಿನ ಬೆನ್ನಿನ ಮೇಲಿಟ್ಟು ಹೆಬ್ಬೆರಳಿನಿಂದ ಸುತ್ತಲೂ ನಿಧಾನಕ್ಕೆ ಒತ್ತುತ್ತಾ ಹೋದರೆ ಗುಮ್ಮಟದ ಆಕಾರ ತಾನಾಗಿ ಬರುತ್ತದೆ. ಅಂಚಿನ 8 ಮಿ.ಮೀ. ಬಳೆಯ ಹೊರಮೈಗೆ ಇಳಿಬಿಡಿ. ಒಳಮೈಗೆ ಬೇಡ, ಹೊರಗಿದ್ದರೆ ಅಕಸ್ಮಾತ್ ತಂತಿ ಬಿಟ್ಟರೂ ಅದು ಗಾಳಿಯ ದಾರಿಗೆ ಬರುವುದಿಲ್ಲ. ಅದರ ಮೇಲೆ ತೆಳು ತಾಮ್ರದ ತಂತಿಯನ್ನು ನಾಲ್ಕು ಸುತ್ತು ಬಿಗಿದು, ಫ್ಲಕ್ಸ್ ಹಚ್ಚಿ, 60 ವ್ಯಾಟಿಗಿಂತ ದೊಡ್ಡ ಸೋಲ್ಡರಿಂಗ್ ಐರನ್ನಿನಿಂದ ಸುತ್ತಲೂ ಬೆಸುಗೆ ಹರಿಸಿ. ಮೊಬೈಲ್ ರಿಪೇರಿಯ ಸಣ್ಣ ಐರನ್ ಬಳೆಯನ್ನು ಕಾಯಿಸಲಾರದು. ಬೆಸುಗೆ ಮುದ್ದೆಯಾಗಿ ಮೇಲೆ ಕೂತರೆ ಅದು ಹಿಡಿದಿಲ್ಲ ಎಂದರ್ಥ, ತಂತಿಗಳ ನಡುವೆ ಹರಿದು ಹೊಳೆಯಬೇಕು.

ತಣಿದ ಮೇಲೆ ಬಿಸಿನೀರು ಮತ್ತು ಸೋಪಿನಲ್ಲಿ ಫ್ಲಕ್ಸ್ ತೊಳೆದು, ಒಣಗಿಸಿ, ಬಿಳಿ ಕಾಗದದ ಮೇಲೆ ಕುಟ್ಟಿ ನೋಡಿ. ಒಂದು ಚೂರು ಬಿದ್ದರೂ ಇನ್ನೊಮ್ಮೆ ಬೆಸೆಯಿರಿ. ಬೆಸುಗೆ ಸುಮಾರು 185 ಡಿಗ್ರಿಯವರೆಗೆ ಕರಗುವುದಿಲ್ಲ, ಕಾರ್ಬುರೇಟರ್ ಬಾಯಿ ಅದರ ಹತ್ತಿರಕ್ಕೂ ಹೋಗದು.

ಮುಚ್ಚಳ ಕೂರಿಸಲು ಸಣ್ಣ ಸ್ಕ್ರೂಗಳನ್ನು ಬಳಸಬೇಡಿ. ಬಾಯಿಯ ಹತ್ತಿರ ಸಡಿಲವಾಗುವ 3 ಮಿ.ಮೀ. ಸ್ಕ್ರೂ ಯಾವತ್ತಾದರೂ ಒಳಕ್ಕೇ ಹೋಗುತ್ತದೆ. ಮೂಲ ಬೆಲ್‌ಮೌತ್ ತಿರುಪಿನದಾಗಿದ್ದರೆ ಅದರ ಎಳೆಯನ್ನು ಗೇಜಿನಿಂದ ನೋಡಿ. ಬ್ರಿಟಿಷ್ ಕಾರ್ಬುರೇಟರುಗಳಲ್ಲಿ ಇಂಚಿನ ಎಳೆ ಇರುತ್ತದೆ. ಮೆಟ್ರಿಕ್ ಎಳೆಯದು ಎರಡು ಸುತ್ತು ಹೋಗಿ ಬಿಗಿಯಾದರೆ ಸರಿಯಾಗಿ ಕೂತಿತು ಎಂದುಕೊಳ್ಳಬೇಡಿ, ಅಷ್ಟರಲ್ಲಿ ಸತುವಿನ ಎಳೆ ಕೆಟ್ಟಿರುತ್ತದೆ. ಮೊದಲು ಹಿಂದಕ್ಕೆ ತಿರುಗಿಸಿ 'ಟಕ್' ಎಂದು ಎಳೆ ಕೂತ ಮೇಲೆ ಮುಂದಕ್ಕೆ ತಿರುಗಿಸಿ. ಕೈಬಿಗಿ ಸಾಕು.

ಬಿರಡೆ

ಗಾಡಿ ತಿಂಗಳುಗಟ್ಟಲೆ ನಿಲ್ಲುವಾಗ ಬಾಯಿ ತೆರೆದಿದ್ದರೆ ನಮ್ಮ ಕಡೆ ಮೊದಲು ಬರುವುದು ಕಣಜದ ಹುಳು. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಕೊಳವೆಯಂತಹ ಬಾಯಿ ಸಿಕ್ಕರೆ ಕೆಲವೇ ದಿನದಲ್ಲಿ ಮಣ್ಣು ತುಂಬಿಸುತ್ತದೆ. ಆ ಮಣ್ಣು ಒಳಗೆ ಉದುರಿದರೆ ಜೆಟ್ಟೂ ಹೋಯಿತು, ಬೋರೂ ಹೋಯಿತು. ಫಿಲ್ಟರ್ ಡಬ್ಬಿಯೊಳಗೆ ಇಲಿ ಗೂಡು ಮಾಡುವುದು ಎರಡನೆಯದು. ಮಲೆನಾಡು, ಕರಾವಳಿಯ ಮಳೆಗಾಲದ ತೇವ ಮೂರನೆಯದು: ಇನ್‌ಲೆಟ್ ವಾಲ್ವ್ ತೆರೆದ ಸ್ಥಿತಿಯಲ್ಲಿ ನಿಂತ ಇಂಜಿನಿನ ಬೋರಿನಲ್ಲಿ ರಿಂಗಿನ ಗುರುತಿಗೆ ಸರಿಯಾಗಿ ತುಕ್ಕಿನ ಗೆರೆ ಬೀಳುತ್ತದೆ.

ಬಟ್ಟೆ ತುರುಕುವುದು ಬೇಡ. ಬಟ್ಟೆ ತೇವ ಹಿಡಿದಿಟ್ಟುಕೊಳ್ಳುತ್ತದೆ, ಮರೆತು ಕಿಕ್ ಹೊಡೆದರೆ ಒಳಕ್ಕೆ ಎಳೆದುಕೊಳ್ಳುತ್ತದೆ. ಥರ್ಮಾಕೋಲ್ ಪೆಟ್ರೋಲಿನ ಆವಿಗೇ ಕರಗಿ ಅಂಟಾಗುತ್ತದೆ. ಬಾಟಲಿಯ ಬಿರಡೆಯ ಹಾಗೆ ಒಳಗೆ ಕೂರುವ ಯಾವುದೂ ಬೇಡ, ಇಂಜಿನ್ ಎಳೆದಾಗ ಅದು ಸ್ಲೈಡ್‌ವರೆಗೂ ಹೋಗುತ್ತದೆ. ತುಟಿಯ ಹೊರಗೆ ಕೂರುವ ಟೋಪಿಯಂಥದ್ದೇ ಆಗಬೇಕು.

ಲೇತಿನಲ್ಲಿ ಮಾಡಿಸುವುದಾದರೆ ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ರಾಡ್ ಒಳ್ಳೆಯದು, ಪೆಟ್ರೋಲಿಗೆ ಅಲುಗುವುದಿಲ್ಲ. ನೈಲಾನ್ ತೇವಕ್ಕೆ ಸ್ವಲ್ಪ ಊದಿಕೊಳ್ಳುವುದರಿಂದ ಮಳೆಗಾಲದಲ್ಲಿ ಅಳತೆ ಬದಲಾಗುತ್ತದೆ. 3ಡಿ ಪ್ರಿಂಟ್ ಮಾಡಿಸುವವರು ಪಿಎಲ್‌ಎ ಪ್ಲಾಸ್ಟಿಕ್ ಬಿಟ್ಟು ಬೇರೆ ಆರಿಸಿ, ಅದು 60 ಡಿಗ್ರಿಯ ಸುಮಾರಿಗೆ ಮೆತ್ತಗಾಗುತ್ತದೆ, ಬಿಸಿ ಇಂಜಿನ್ನಿನ ಪಕ್ಕ ಅಷ್ಟು ಶಾಖ ಸಲೀಸಾಗಿ ಬರುತ್ತದೆ. ಟರ್ನರಿಗೆ ಕೊಡಬೇಕಾದ ಅಳತೆ ಹೀಗೆ: ತುಟಿ 52.0 ಮಿ.ಮೀ. ಇದ್ದರೆ ಟೋಪಿಯ ಒಳ ವ್ಯಾಸ 52.6, ಆಳ 14. ಒಳಗೋಡೆಯಲ್ಲಿ ಬಾಯಿಯಿಂದ 4 ಮಿ.ಮೀ. ಬಿಟ್ಟು, 4 ಮಿ.ಮೀ. ಅಗಲ, 2.4 ಆಳದ ತೋಡು ಕೊರೆದು, ಅದರಲ್ಲಿ 3 ಮಿ.ಮೀ. ದಪ್ಪದ ನೈಟ್ರೈಲ್ ಓ-ರಿಂಗ್ ಕೂರಿಸಬೇಕು. ಆಗ ರಿಂಗ್ ಹತ್ತರಲ್ಲೊಂದು ಪಾಲು ಅಮುಕುತ್ತದೆ, ಕೈಯಲ್ಲಿ ಎಳೆದರೆ ಬರುತ್ತದೆ, ತಾನಾಗಿ ಬೀಳುವುದಿಲ್ಲ. ಗೋಡೆಗೆ 3 ಮಿ.ಮೀ. ಉಳಿಯಬೇಕಾದ್ದರಿಂದ ಹೊರ ವ್ಯಾಸ 64 ಬೇಕು. 65ರ ರಾಡ್ ತರಿಸಿದರೆ ಆಯಿತು. ಸಿಲಿಕೋನ್ ಓ-ರಿಂಗ್ ಹಾಕಬೇಡಿ, ಪೆಟ್ರೋಲ್ ತಾಗಿ ಉಬ್ಬಿದರೆ ಟೋಪಿ ಕಳಚುವುದೇ ಕಷ್ಟ. ಮಧ್ಯದಲ್ಲಿ 1 ಮಿ.ಮೀ. ತೂತು ಒಂದಿರಲಿ, ಆವಿಗೆ ಹೊರಹೋಗುವ ದಾರಿ ಬೇಕು.

ಈ ಟೋಪಿಗೆ ಕೆಂಪು ಪಟ್ಟಿಯೊಂದನ್ನು ಕಟ್ಟಿ, ಅದರ ಇನ್ನೊಂದು ತುದಿಯಲ್ಲಿ ಗಾಡಿಯ ಕೀ ತೂಗುಹಾಕಿ. ವಿಮಾನಗಳ ಗಾಳಿಬಾಯಿ ಮುಚ್ಚುವ ಕವಚಗಳಿಗೆ ಕೆಂಪು ಪಟ್ಟಿ ಇರುವುದು ಇದೇ ಮರೆವಿಗಾಗಿ. ಟೋಪಿ ಹಾಕಿದ್ದು ಮರೆತು ಕಿಕ್ ಹೊಡೆದರೆ ಗಾಳಿಯ ಬದಲು ಪೆಟ್ರೋಲೇ ಒಳಗೆ ಸುರಿಯುತ್ತದೆ. ಪ್ಲಗ್ ಒದ್ದೆಯಾಗುತ್ತದೆ, ಬೋರಿನ ಗೋಡೆಯ ಎಣ್ಣೆ ತೊಳೆದುಹೋಗುತ್ತದೆ. ಹಾಗಾಗಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ, ಪ್ಲಗ್ ಕ್ಯಾಪನ್ನು ದೂರ ಸರಿಸಿ, ಆಕ್ಸಿಲರೇಟರ್ ಪೂರ್ತಿ ತೆರೆದು ಹತ್ತು ಬಾರಿ ಕಿಕ್ ಮಾಡಿ. ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನಾಲ್ಕು ಬಾರಿ ತಿರುಗಿಸಿ. ಆಮೇಲೆ ಪ್ಲಗ್ ಹಾಕಿ.

ಟೋಪಿ ಹಾಕುವ ಮುಂಚೆ ಫ್ಲೋಟ್ ಬಟ್ಟಲನ್ನು ಖಾಲಿ ಮಾಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಇರುತ್ತದೆ. ಅದು ತೇವ ಹೀರುತ್ತದೆ, ತೇವ ಸತುವಿನ ಮೈಯನ್ನು ತಿಂದು ಬಿಳಿ ಪುಡಿ ಮಾಡುತ್ತದೆ, ಆ ಪುಡಿ ಮೊದಲು ಮುಚ್ಚುವುದು ಪೈಲಟ್ ದಾರಿಯನ್ನು. ಫೋರ್ ಸ್ಟ್ರೋಕ್ ಇಂಜಿನ್ನನ್ನು ಕಂಪ್ರೆಷನ್ನಿನ ತುದಿಯಲ್ಲಿ, ಎರಡೂ ವಾಲ್ವ್ ಮುಚ್ಚಿರುವಂತೆ ನಿಲ್ಲಿಸಿ. ಟೂ ಸ್ಟ್ರೋಕಿನಲ್ಲಿ ಕಿಕ್ಕರನ್ನು ಕೈಯಲ್ಲಿ ಒತ್ತುತ್ತಾ ಹೋಗಿ, ಕಂಪ್ರೆಷನ್ ಶುರುವಾಯಿತು ಎನ್ನಿಸಿದ ಕೂಡಲೇ ನಿಲ್ಲಿಸಿ. ಎಕ್ಸಾಸ್ಟ್ ಮುಚ್ಚಿ, ಇನ್‌ಲೆಟ್ ಇನ್ನೂ ತೆರೆಯದ ಜಾಗ ಅದು. ಪಿಸ್ಟನ್ ಮೇಲಿದ್ದರೆ ಟೂ ಸ್ಟ್ರೋಕಿನ ಇನ್‌ಲೆಟ್ ಪೋರ್ಟ್ ತೆರೆದೇ ಇರುತ್ತದೆ.

ವಾಟರ್ ಸರ್ವಿಸಿಗೆ ಗಾಡಿ ಬಿಡುವಾಗಲೂ ಇದೇ ಟೋಪಿ ಹಾಕಿ. ಪ್ರೆಷರ್ ನೀರಿಗೆ ಜಾಲರಿ ಅಡ್ಡಿಯೇ ಅಲ್ಲ.

ಫಿಲ್ಟರಿಗೆ ಸೇರಿಸುವ ಕೊರಳು

ಮೂಲ ರಬ್ಬರ್ ಸಿಗದಾಗ ಕಾರಿನ ರೇಡಿಯೇಟರ್ ಹೋಸ್ ತುಂಡು ಅಥವಾ ಟ್ಯೂಬಿನ ತುಂಡು ಹಾಕುತ್ತಾರೆ. ರೇಡಿಯೇಟರ್ ಹೋಸ್ ಬಿಸಿನೀರಿಗೆ ಮಾಡಿದ್ದು, ಟ್ಯೂಬ್ ಗಾಳಿ ಹಿಡಿಯಲು ಮಾಡಿದ್ದು. ಎರಡೂ ಪೆಟ್ರೋಲಿಗೆ ಊದಿ ಮೆತ್ತಗಾಗುತ್ತವೆ. ಮೆತ್ತಗಾದ ಕೊಳವೆ ಪೂರ್ತಿ ಥ್ರಾಟಲ್‌ನಲ್ಲಿ ಒಳಕ್ಕೆ ಚಪ್ಪಟೆಯಾಗಿ ಗಾಡಿ ಉಸಿರು ಕಟ್ಟಿದಂತೆ ನಿಲ್ಲುತ್ತದೆ, ನಿಲ್ಲಿಸಿ ನೋಡಿದರೆ ಮತ್ತೆ ದುಂಡಗೆ ಆಗಿರುತ್ತದೆ. ಹೀಗಾಗಿ ತಪ್ಪು ಸಿಗುವುದಿಲ್ಲ. ಅಂಗಡಿಯಲ್ಲಿ ಪೆಟ್ರೋಲ್, ಎಣ್ಣೆ ತಡೆಯುವ ನೈಟ್ರೈಲ್ ಹೋಸ್ ಎಂದೇ ಕೇಳಿ, 4 ಮಿ.ಮೀ. ಗೋಡೆಯಾದರೂ ಇರಲಿ.

ಕೊರಳಿನ ಸೀಳು ಬರಿ ಬಾಯಿಯಷ್ಟೇ ಕೆಟ್ಟದ್ದು, ಏಕೆಂದರೆ ಫಿಲ್ಟರ್ ಇದೆ ಎಂಬ ಧೈರ್ಯದಲ್ಲಿ ನಾವು ಧೂಳಿನ ದಾರಿಗೂ ಇಳಿಯುತ್ತೇವೆ. ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ಕೊರಳು ಬಿಚ್ಚಿ, ಒಳಮೈಯನ್ನು ಬಿಳಿ ಬಟ್ಟೆಯಿಂದ ಒರೆಸಿ. ಸ್ವಚ್ಛವಾಗಿದ್ದರೆ ಸರಿ. ಒಂದು ಜಾಗದಿಂದ ಶುರುವಾದ ಕಂದು ಗೆರೆ ಕಂಡರೆ ಆ ಗೆರೆಯ ತುದಿಯಲ್ಲೇ ಗಾಳಿ ಸೋರುತ್ತಿದೆ.

ಜಾಲರಿ ಮುಚ್ಚಳದ ಮೇಲೆ ಎಣ್ಣೆ ಹಚ್ಚಿದ ಫೋಮ್ ಚೀಲ ಹಾಕುವುದೂ ಒಂದು ದಾರಿ. ಫಿಲ್ಟರಿಗೆಂದೇ ಮಾರುವ ಫೋಮ್ ಇರಬೇಕು, ಹಾಸಿಗೆಯ ಫೋಮ್ ಪೆಟ್ರೋಲಿಗೆ ಪುಡಿಯಾಗಿ ಒಳಗೆ ಹೋಗುತ್ತದೆ. 50 ಮಿ.ಮೀ. ಗುಮ್ಮಟದ ಮೇಲೆ ಬಿಗಿಯಾದ ಫೋಮ್ ಉಸಿರು ಕಟ್ಟಿಸುವುದರಿಂದ ಜಾಲರಿಯನ್ನೇ 70–80 ಮಿ.ಮೀ. ಉದ್ದದ ಶಂಕುವಿನ ಆಕಾರದಲ್ಲಿ ಮಾಡಿ, ಅದರ ಮೇಲೆ ಚೀಲ ಹಾಕಿ.

ಹಾಕಿದ ಮೇಲೆ ಜೆಟ್ಟಿಂಗ್

ಡಬ್ಬಿ ಇದ್ದ ಗಾಡಿಗೆ ಜಾಲರಿ ಮಾತ್ರ ಹಾಕಿದರೆ ಗಾಳಿಯ ಅಡ್ಡಿ ಕಡಿಮೆಯಾಗಿ ಮಿಶ್ರಣ ಲೀನ್ ಕಡೆಗೆ, ಅಂದರೆ ಪೆಟ್ರೋಲ್ ಕಡಿಮೆಯಾಗುವ ಕಡೆಗೆ, ಹೋಗುತ್ತದೆ. ಜಾಲರಿ ಇದ್ದದ್ದಕ್ಕೆ ಫೋಮ್ ಹಾಕಿದರೆ ರಿಚ್ ಕಡೆಗೆ. ಆದ್ದರಿಂದ ಮುಚ್ಚಳ ಬದಲಾದಾಗಲೆಲ್ಲ ಜೆಟ್ ಪರೀಕ್ಷೆ ಮಾಡಲೇಬೇಕು, ಟೂ ಸ್ಟ್ರೋಕಿನಲ್ಲಂತೂ ಇದನ್ನು ಬಿಟ್ಟರೆ ಪಿಸ್ಟನ್ ಹಿಡಿಯುತ್ತದೆ.

ಅದಕ್ಕೂ ಮುಂಚೆ ಇಂಜಿನ್ ಕಡೆಯ ಫ್ಲೇಂಜ್ (ಕಾರ್ಬುರೇಟರನ್ನು ಇಂಜಿನ್ನಿಗೆ ಬಿಗಿಯುವ ಚಪ್ಪಟೆ ಮುಖ) ನೋಡಿ. ನಟ್ಟುಗಳನ್ನು ಅತಿಯಾಗಿ ಬಿಗಿದು ಬಿಲ್ಲಿನಂತೆ ಬಾಗಿದ ಫ್ಲೇಂಜ್ ಕಾನ್ಸೆಂಟ್ರಿಕ್‌ಗಳಲ್ಲಿ ಎಲ್ಲೆಲ್ಲೂ ಸಿಗುತ್ತದೆ. ಗಾಜಿನ ಹಲಗೆಯ ಮೇಲಿಟ್ಟು 0.05 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಿ, ಹೋದರೆ ಗಾಜಿನ ಮೇಲೆ ಸಾಣೆ ಕಾಗದವಿಟ್ಟು ಎಂಟರ ಆಕಾರದಲ್ಲಿ ಉಜ್ಜಿ ಸಮಮಾಡಿ. ಅಲ್ಲಿ ಗಾಳಿ ಹೊಡೆಯುತ್ತಿದ್ದರೆ ಜೆಟ್ ಬದಲಿಸುವ ಶ್ರಮವೆಲ್ಲ ವ್ಯರ್ಥ. ಇಂಜಿನ್ ಐಡ್ಲಿಂಗಿನಲ್ಲಿರುವಾಗ ಫ್ಲೇಂಜಿನ ಸುತ್ತ ಗ್ರೀಸ್ ಮೆತ್ತಿ ನೋಡಿ, ಸದ್ದು ಬದಲಾದರೆ ಸೋರಿಕೆ ಇದೆ. ಪೆಟ್ರೋಲ್ ಚಿಮುಕಿಸಿ ನೋಡುವ ಅಭ್ಯಾಸ ಬಿಡಿ, ಬೆಂಕಿ ಹತ್ತುತ್ತದೆ.

ಹ್ಯಾಂಡಲ್ ಗ್ರಿಪ್ಪಿನ ಮೇಲೆ ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿಕೊಳ್ಳಿ. ಮುಚ್ಚಿದಲ್ಲಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್, ಅಲ್ಲಿಂದ ಕಾಲಿನವರೆಗೆ ಸ್ಲೈಡಿನ ಕಟ್ (ಅದರ ಕೆಳ ಅಂಚಿನ ಓರೆ ಕತ್ತರಿಕೆ), ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ (ಸ್ಲೈಡಿಗೆ ಸಿಕ್ಕಿಸಿದ ಸೂಜಿ), ಮೇಲಕ್ಕೆ ಮೇನ್ ಜೆಟ್ ಮಿಶ್ರಣವನ್ನು ಹಿಡಿತದಲ್ಲಿಡುತ್ತದೆ. ಅಮಲ್ ಸ್ಲೈಡಿನ ಮೇಲಿನ ಅಂಕಿ ಕಟ್‌ನ ಎತ್ತರವನ್ನು ಇಂಚಿನ ಹದಿನಾರನೇ ಭಾಗಗಳಲ್ಲಿ ಹೇಳುತ್ತದೆ, 3½ ಎಂದರೆ ಮೂರೂವರೆ ಭಾಗ. ಮೇನ್ ಜೆಟ್ಟಿನಿಂದ ಶುರುಮಾಡಿ. ಅಮಲ್ ಜೆಟ್ಟಿನ ಅಂಕಿ ನಿಮಿಷಕ್ಕೆ ಹರಿಯುವ ಘನ ಸೆಂಟಿಮೀಟರ್. ಡಬ್ಬಿ ತೆಗೆದ ಗಾಡಿಗೆ ನೂರಕ್ಕೆ ಐದರಷ್ಟು ದೊಡ್ಡದು ಹಾಕಿ ನೋಡುವುದು ರೂಢಿ: 190 ಇದ್ದರೆ 200.

ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಹೊಸ ಪ್ಲಗ್ ಹಾಕಿ ಮೂರನೇ ಗೇರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಅರ್ಧ ಕಿಲೋಮೀಟರ್ ಓಡಿಸಿ. ಥ್ರಾಟಲ್ ಇಳಿಸದೆ ಇಗ್ನಿಷನ್ ಆಫ್ ಮಾಡಿ, ಕೂಡಲೇ ಕ್ಲಚ್ ಹಿಡಿದು ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿಯ ಬುಡದಲ್ಲಿ ಬಿಸ್ಕತ್ತಿನ ಬಣ್ಣ ಇದ್ದರೆ ಸರಿ, ಸುಣ್ಣದಂತೆ ಬಿಳಿ ಇದ್ದರೆ ಲೀನ್, ಮಸಿ ಇದ್ದರೆ ರಿಚ್. ಟೂ ಸ್ಟ್ರೋಕಿನಲ್ಲಿ ಯಾವಾಗಲೂ ದೊಡ್ಡ ಜೆಟ್ಟಿನಿಂದ ಕೆಳಕ್ಕೆ ಬನ್ನಿ, ಸಣ್ಣದರಿಂದ ಮೇಲಕ್ಕೆ ಹೋಗಬೇಡಿ. ಪೂರ್ತಿ ಥ್ರಾಟಲ್‌ನಲ್ಲಿ ಬಿಟ್ಟು ಬಿಟ್ಟು ಹೊಡೆಯುವ ಸದ್ದು ನಿಂತು ಎಳೆತ ಸರಾಗವಾದ ಕೂಡಲೇ ನಿಲ್ಲಿಸಿ.

ಮೇನ್ ಜೆಟ್ ಸಿಕ್ಕ ಮೇಲೆ ಅರ್ಧ ಥ್ರಾಟಲ್‌ನಲ್ಲಿ ನೋಡಿ. ಲೀನ್ ಇದ್ದರೆ ನೀಡಲನ್ನು ಒಂದು ಕಚ್ಚು ಮೇಲಕ್ಕೆತ್ತಿ. ಕೊನೆಗೆ ಏರ್ ಸ್ಕ್ರೂ: ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿ ಶುರುಮಾಡಿ. ಅಮಲ್‌ನಲ್ಲೂ ವಿಎಂನಲ್ಲೂ ಒಳಕ್ಕೆ ತಿರುಗಿಸಿದರೆ ರಿಚ್, ಹೊರಕ್ಕೆ ಲೀನ್. ಮಂಗಳೂರಿನಲ್ಲಿ ಹದ ಮಾಡಿದ ಗಾಡಿ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ತುಸು ರಿಚ್ ಆಗಿ ಓಡುತ್ತದೆ, ಅಲ್ಲಿ ಗಾಳಿ ಹತ್ತರಲ್ಲೊಂದು ಪಾಲು ತೆಳು. ಅದಕ್ಕೆಂದು ಜೆಟ್ ಬದಲಿಸಬೇಕಿಲ್ಲ. ಮಡಿಕೇರಿಯಲ್ಲಿ ಹದ ಮಾಡಿ ಕೆಳಗಿಳಿಯುವವರು ಮಾತ್ರ ಎಚ್ಚರ ವಹಿಸಬೇಕು, ಆಗ ಗಾಡಿ ಲೀನ್ ಆಗುತ್ತದೆ.

ಎರಡು ಕಾರ್ಬುರೇಟರಿನ ಟ್ರಯಂಫ್ ಬಾನವಿಲ್‌ನಂತಹ ಗಾಡಿಗಳಲ್ಲಿ ಎರಡೂ ಬಾಯಿಗೆ ಒಂದೇ ಹಾಸಿನಿಂದ ಕತ್ತರಿಸಿದ ಜಾಲರಿ, ಒಂದೇ ಎತ್ತರದ ಗುಮ್ಮಟ ಇರಲಿ. ಒಂದಕ್ಕೆ ಎಣ್ಣೆ ಹಿಡಿದು ಇನ್ನೊಂದು ಸ್ವಚ್ಛವಿದ್ದರೂ ಐಡ್ಲಿಂಗ್ ಕುಂಟುತ್ತದೆ, ಹಾಗಾಗಿ ತೊಳೆಯುವಾಗ ಎರಡನ್ನೂ ಒಟ್ಟಿಗೆ ತೊಳೆಯಿರಿ. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಅದ್ದಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒಳಗಿನಿಂದ ಹೊರಕ್ಕೆ ಉಜ್ಜಿ, ಒಣಗಿಸಿ, ಬೆಸುಗೆಯ ಅಂಚನ್ನು ಬೆರಳಿನಿಂದ ಸುತ್ತ ಸವರಿ ನೋಡಿ. ಎಲ್ಲಾದರೂ ತಂತಿ ಚುಚ್ಚಿದರೆ ಆ ಮುಚ್ಚಳವನ್ನು ಮತ್ತೆ ಬೆಸೆಯುವವರೆಗೆ ಗಾಡಿಗೆ ಹಾಕಬೇಡಿ.